ಕಾಯಿಲೆ ಒಬ್ಬನದು, ಬಿಲ್ಲು ಯಾರದು?

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಸಂಘದ ವೈದ್ಯಕೀಯ ನೆರವಿನ ಸಮಿತಿಯ ಸಭೆ ಇತ್ತು. ಸಭೆ ಅಂದರೆ ದೊಡ್ಡದೇನಲ್ಲ. ಡೊಂಬಿವಲಿ ಪೂರ್ವದಲ್ಲಿ ಒಂದು ಬಾಡಿಗೆ ಕೋಣೆ, ಆರು ಜನ ಮುದುಕರು, ಕೆಳಗಿನ ಅಂಗಡಿಯಿಂದ ಬಂದ ಚಹಾ, ಒಂದು ಫೈಲು. ಮೂರು ಅರ್ಜಿಗಳಲ್ಲಿ ಎರಡು ಐದು ನಿಮಿಷದಲ್ಲಿ ಮುಗಿದವು. ಮೂರನೆಯದಕ್ಕೆ ಒಂದೂವರೆ ಗಂಟೆ ಹಿಡಿಯಿತು.

ಅರ್ಜಿ ಹಾಕಿದ್ದು ಒಬ್ಬ ಹೆಣ್ಣುಮಗಳು. ಗಂಡ ಕಲ್ಯಾಣದ ಕಡೆಯ ಒಂದು ಹೋಟೆಲಿನಲ್ಲಿ ಕ್ಯಾಪ್ಟನ್. ವಯಸ್ಸು ನಲವತ್ತು ದಾಟಿದೆ, ಇಬ್ಬರು ಮಕ್ಕಳು. ಲಿವರ್ ಹೋಗಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ. ಕಾರಣ ಏನೆಂದು ಕಾಗದದಲ್ಲಿ ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

"ಕುಡಿದು ಲಿವರ್ ಹಾಳು ಮಾಡಿಕೊಂಡವನಿಗೆ ಸಂಘದ ದುಡ್ಡು ಯಾಕೆ ಮಾರಾಯ್ರೆ? ನಾವೇನು ಅವನಿಗೆ ಕುಡಿ ಅಂದಿದ್ದೆವಾ?" ಎಂದರು ನಮ್ಮ ಖಜಾಂಚಿ. ಅವರು ಕೆಟ್ಟ ಮನುಷ್ಯರಲ್ಲ. ಹದಿಮೂರನೇ ವಯಸ್ಸಿಗೆ ಊರು ಬಿಟ್ಟು ಬಂದು, ಪ್ಲೇಟು ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಸ್ವಂತ ಹೋಟೆಲು ಮಾಡಿದವರು. ಒಂದು ಬೀಡಿ ಕೂಡ ಸೇದಿದವರಲ್ಲ.

"ಕುಡಿದದ್ದು ಅವನು. ಮಕ್ಕಳೂ ಕುಡಿದಿದ್ದಾರಾ?" ಎಂದರು ಇನ್ನೊಬ್ಬರು.

ಅಲ್ಲಿಂದ ಶುರುವಾದದ್ದು ಚಹಾ ಆರಿ ತಣ್ಣಗಾಗುವವರೆಗೂ ನಡೆಯಿತು. ತೀರ್ಮಾನ ಆಗಲಿಲ್ಲ, ಮುಂದಿನ ಸಭೆಗೆ ಹೋಯಿತು. ಮನೆಗೆ ನಡೆದು ಬರುತ್ತಾ ನನಗೆ ಅನ್ನಿಸಿದ್ದು, ನಾವು ಆರು ಜನ ಕೂತು ಜಗಳವಾಡಿದ ಈ ಪ್ರಶ್ನೆ ನಮಗಿಂತ ಹಳೆಯದು ಅಂತ. ಈ ದೇಶದಲ್ಲಿ ಅದಕ್ಕೆ ಒಂದು ಉತ್ತರವನ್ನು 75 ವರ್ಷಗಳ ಹಿಂದೆಯೇ ಕಾಯಿದೆ ಮಾಡಿ ಬರೆದಿಟ್ಟಿದ್ದಾರೆ. ಆ ಉತ್ತರ ನನ್ನ ಪಗಾರದ ಚೀಟಿಯಲ್ಲೇ ತಿಂಗಳು ತಿಂಗಳೂ ಅಚ್ಚಾಗಿ ಬರುತ್ತಿತ್ತು. ನಾನು ಓದಿರಲಿಲ್ಲ, ಅಷ್ಟೇ.

ನಾನು ಊರಿನಿಂದ ಠಾಣೆಗೆ ಬಂದದ್ದು 1974ರಲ್ಲಿ. ಮೊದಲು ಸ್ಟೇಷನ್ ಬದಿಯ ಒಂದು ಹೋಟೆಲಿನಲ್ಲಿ, ಆಮೇಲೆ 1978ರಿಂದ ವಾಗ್ಳೆ ಇಸ್ಟೇಟಿನ ಒಂದು ಕಾರ್ಖಾನೆಯಲ್ಲಿ. ವಾಗ್ಳೆ ಇಸ್ಟೇಟ್ ಆಗ ಠಾಣೆಯ ಹೃದಯ. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅದೇ ನಮ್ಮ ಎಂಐಡಿಸಿ, ಶುರುವಾದದ್ದೇ ಅಲ್ಲಿ. ಬೆಳಿಗ್ಗೆ ಏಳಕ್ಕೆ ಭೋಂಗಾ ಕೂಗಿದರೆ ಸ್ಟೇಷನ್ನಿನಿಂದ ಆ ಕಡೆಗೆ ಮನುಷ್ಯರ ಹೊಳೆ ಹರಿದ ಹಾಗೆ ಇರುತ್ತಿತ್ತು. ಮೊದಲ ಪಗಾರದ ಚೀಟಿ ನೋಡಿದಾಗ ಪಿಎಫ್ ಗೊತ್ತಾಯಿತು. ಅದರ ಕೆಳಗೆ 'ಇಎಸ್ಐ' ಅಂತ ಕೆಲವು ರೂಪಾಯಿ ಕಟ್. "ಇದು ಯಾರ ಹೊಟ್ಟೆಗೆ?" ಅಂತ ಕೇಳಿದ್ದೆ. ಪಕ್ಕದ ಮಷಿನ್ನಿನ ಮರಾಠಿ ದಾದಾ ನಕ್ಕು, "ನಿನಗೆ ಜ್ವರ ಬಂದಾಗ ಗೊತ್ತಾಗುತ್ತದೆ" ಅಂದ.

ಅದರ ಹಿಂದಿನ ಕಥೆ ಸ್ವಲ್ಪ ಹೇಳುತ್ತೇನೆ.

ಕೆಲಸಗಾರನ ಕಾಯಿಲೆಗೆ ವಿಮೆ ಅಂತ ಮೊದಲು ಕಾಯಿದೆ ಮಾಡಿದ್ದು ಜರ್ಮನಿಯಲ್ಲಿ ಬಿಸ್ಮಾರ್ಕ್, 1883ರಲ್ಲಿ. ಕೆಲಸಗಾರ ಎರಡು ಪಾಲು, ಮಾಲೀಕ ಒಂದು ಪಾಲು. ಬಿಸ್ಮಾರ್ಕ್ ಏನೂ ಕಾರ್ಮಿಕರ ಪ್ರೇಮಿ ಅಲ್ಲ, ಸಮಾಜವಾದಿಗಳ ಕೈಗೆ ಅವರು ಹೋಗಬಾರದು ಅನ್ನುವುದೂ ಅದರಲ್ಲಿತ್ತು. ಇಂಗ್ಲೆಂಡಿನಲ್ಲಿ ಲಾಯ್ಡ್ ಜಾರ್ಜ್ 1911ರಲ್ಲಿ ತಂದರು. ಕೆಲಸಗಾರ ವಾರಕ್ಕೆ ನಾಲ್ಕು ಪೆನ್ನಿ, ಮಾಲೀಕ ಮೂರು, ಸರ್ಕಾರ ಎರಡು. ನಾಲ್ಕು ಕೊಟ್ಟು ಒಂಬತ್ತು ಪಡೆಯಿರಿ ಅಂತ ಅದರ ಪ್ರಚಾರ.

ನಮ್ಮಲ್ಲಿ ಆಗ ಇದ್ದದ್ದು 1923ರ ಕಾರ್ಮಿಕರ ಪರಿಹಾರ ಕಾಯಿದೆ. ಅದು ಕಾಯಿಲೆಗಲ್ಲ, ಕೆಲಸದಲ್ಲಿ ಪೆಟ್ಟಾದರೆ ಮಾತ್ರ. ಅದರಲ್ಲೂ ನಮ್ಮ ಖಜಾಂಚಿಯವರಿಗೆ ಇಷ್ಟವಾಗುವಂಥ ಒಂದು ಮಾತಿದೆ. ಪೆಟ್ಟು ಬಿದ್ದಾಗ ಕೆಲಸಗಾರ ಕುಡಿದಿದ್ದರೆ, ಬೇಕೆಂದೇ ಸುರಕ್ಷತೆಯ ನಿಯಮ ಮುರಿದಿದ್ದರೆ, ಮಷಿನ್ನಿನ ಗಾರ್ಡು ತಾನೇ ತೆಗೆದಿದ್ದರೆ, ಮತ್ತು ಪೆಟ್ಟಿಗೆ ಅದೇ ನೇರ ಕಾರಣವಾಗಿದ್ದರೆ, ಮಾಲೀಕ ಕೊಡಬೇಕಾಗಿಲ್ಲ. ಸತ್ತರೆ ಆ ತಕರಾರು ಇಲ್ಲ. ಅಂದರೆ ದುಡ್ಡು ಕೊಡುವ ಮೊದಲು ತಪ್ಪು ಯಾರದು ಅಂತ ಕೇಳುವ ಕಾಯಿದೆ. ಕೇಳುವವನು ಯಾರು? ದುಡ್ಡು ಕೊಡಬೇಕಾದ ಮಾಲೀಕನೇ. ಗಾರ್ಡು ತೆಗೆದರೆ ಮಾಲು ಬೇಗ ಹೊರಡುತ್ತದೆ ಅಂತ ಸೂಪರ್‌ವೈಸರನೇ ಕಣ್ಣು ಮುಚ್ಚಿರುತ್ತಾನೆ. ಬೆರಳು ಹೋದ ದಿನ ಮಾತ್ರ ನಿಯಮದ ಪುಸ್ತಕ ಹೊರಗೆ ಬರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ 1943ರಲ್ಲಿ, ಯುದ್ಧದ ನಡುವೆ, ಸರ್ಕಾರ ಎರಡು ಕೆಲಸ ಶುರು ಮಾಡಿತು. ಬಿ. ಪಿ. ಅಡಾರ್ಕರ್ ಎಂಬ ಅರ್ಥಶಾಸ್ತ್ರಜ್ಞರಿಗೆ ಕಾರ್ಖಾನೆ ಕೆಲಸಗಾರರ ಆರೋಗ್ಯ ವಿಮೆಯ ಬಗ್ಗೆ ವರದಿ ಕೊಡಿ ಅಂದಿತು. ಸರ್ ಜೋಸೆಫ್ ಭೋರ್ ಅವರ ಸಮಿತಿಗೆ ಇಡೀ ದೇಶದ ಆರೋಗ್ಯ ನೋಡಿ ಅಂದಿತು. ಆಗ ವೈಸರಾಯರ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದವರು ಡಾ. ಅಂಬೇಡ್ಕರ್. ಅಡಾರ್ಕರ್ ವರದಿ 1944ರಲ್ಲಿ ಬಂತು, ಭೋರ್ ವರದಿ 1946ರಲ್ಲಿ.

ಎರಡೂ ಎರಡು ದಾರಿ. ಭೋರ್ ಸಮಿತಿ ಹೇಳಿದ್ದು, ಕೊಡುವ ಶಕ್ತಿ ಇಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು, ಹಳ್ಳಿಯಿಂದ ಜಿಲ್ಲೆಯವರೆಗೆ ಸರ್ಕಾರವೇ ಆಸ್ಪತ್ರೆಗಳನ್ನು ಕಟ್ಟಿ ನಡೆಸಬೇಕು. ಅಂದರೆ ಎಲ್ಲರ ತೆರಿಗೆಯಿಂದ ಎಲ್ಲರ ಚಿಕಿತ್ಸೆ. ಅಡಾರ್ಕರ್ ಹೇಳಿದ್ದು, ಕೆಲಸಗಾರ ಸ್ವಲ್ಪ ಕಟ್ಟಲಿ, ಮಾಲೀಕ ಹೆಚ್ಚು ಕಟ್ಟಲಿ, ಕಟ್ಟಿದವನಿಗೆ ಹಕ್ಕು ಇರಲಿ. ಅವರ ಮೊದಲ ಯೋಜನೆಯಲ್ಲಿ ಇದ್ದದ್ದು ಬಟ್ಟೆ ಗಿರಣಿ, ಎಂಜಿನಿಯರಿಂಗ್, ಖನಿಜ ಮತ್ತು ಲೋಹ, ಈ ಮೂರೇ ಉದ್ಯಮ. ಸುಲಭವಾಗಿ ಎಣಿಸಬಹುದಾದ, ಪಗಾರದ ಪುಸ್ತಕ ಇರುವ ಜಾಗದಿಂದ ಶುರು ಮಾಡೋಣ ಅನ್ನುವ ವ್ಯವಹಾರ ಬುದ್ಧಿ.

1948ರ ಏಪ್ರಿಲ್ 19ರಂದು ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಆಯಿತು. ವಿಚಿತ್ರ ನೋಡಿ, ಅದೇ ವರ್ಷ ಜುಲೈ 5ರಂದು ಇಂಗ್ಲೆಂಡಿನವರು ಚಂದಾ ಕಟ್ಟಿದವರಿಗೆ ಮಾತ್ರ ವೈದ್ಯರು ಎಂಬ ತಮ್ಮ ಹಳೆಯ ಪದ್ಧತಿಯನ್ನು ಬಿಟ್ಟು, ಎಲ್ಲರಿಗೂ ತೆರಿಗೆಯಿಂದ ಎನ್ನುವ ರಾಷ್ಟ್ರೀಯ ಆರೋಗ್ಯ ಸೇವೆಗೆ ಹೋದರು. ಅವರು ಬಿಟ್ಟ ಬಂಡಿಯನ್ನು ನಾವು ಅದೇ ವರ್ಷ ಹತ್ತಿದೆವು. ಭೋರ್ ವರದಿಯೂ ಕಪಾಟಿಗೆ ಹೋಗಲಿಲ್ಲ ಅನ್ನಿ, ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಕಲ್ಪನೆ ಅಲ್ಲಿಂದಲೇ ಬಂದದ್ದು. ಆದರೆ ಅದಕ್ಕೆ ಬೇಕಾದ ದುಡ್ಡು ಯಾವತ್ತೂ ಬರಲಿಲ್ಲ.

ಅಂದ ಹಾಗೆ, ಈ ಇಎಸ್ಐ ನಿಗಮದ ಮೊದಲ ಮಹಾನಿರ್ದೇಶಕ ಯಾರು ಗೊತ್ತೇ? ಡಾ. ಚುನಿಲಾಲ್ ಕತಿಯಾಲ್. ಪಂಜಾಬಿನವರು, ಲಂಡನ್ನಿನ ಬಡವರ ಕೇರಿಯಲ್ಲಿ ವೈದ್ಯರಾಗಿದ್ದವರು. 1931ರಲ್ಲಿ ಗಾಂಧೀಜಿ ಮತ್ತು ಚಾರ್ಲಿ ಚಾಪ್ಲಿನ್ ಭೇಟಿಯಾದದ್ದು ಇದೇ ಕತಿಯಾಲರ ಮನೆಯಲ್ಲಿ. ಆಮೇಲೆ ಅವರು ಲಂಡನ್ನಿನ ಫಿನ್ಸ್‌ಬರಿ ಎಂಬಲ್ಲಿ ಮೇಯರ್ ಆದರು. ಅಲ್ಲಿ 1938ರಲ್ಲಿ ಎಲ್ಲರಿಗೂ ಒಂದೇ ಸೂರಿನಡಿ ಚಿಕಿತ್ಸೆ ಸಿಗುವ ಪುರಸಭೆಯ ಆರೋಗ್ಯ ಕೇಂದ್ರ ತೆರೆಯುವುದಕ್ಕೆ ದುಡಿದವರಲ್ಲಿ ಅವರೂ ಒಬ್ಬರು. ಅಂಥವರು ಊರಿಗೆ ಮರಳಿ ಬಂದು ನಮ್ಮ ಕಾರ್ಖಾನೆಗಳ ವಿಮೆ ಕಟ್ಟಿದರು. ಹೊರಗೆ ಹೋಗಿ ಬದುಕಿದವನಿಗೆ ಕಾಯಿಲೆ ಬಿದ್ದರೆ ಏನು ಗತಿ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ಇದು ನನ್ನ ಅಂದಾಜು.

ಯೋಜನೆ ನಿಜವಾಗಿ ಶುರುವಾದದ್ದು 1952ರ ಫೆಬ್ರವರಿ 24ರಂದು, ಕಾನ್ಪುರ ಮತ್ತು ದೆಹಲಿಯಲ್ಲಿ. ಕಾನ್ಪುರದಲ್ಲಿ ನೆಹರೂ ಉದ್ಘಾಟಿಸಿದರು. ಮುಂಬಯಿಗೆ 1954ರಲ್ಲಿ ಬಂತು. ಮುಂಬಯಿಯಲ್ಲಿ ಅದು 'ಪ್ಯಾನಲ್ ಡಾಕ್ಟರ' ಪದ್ಧತಿ. ಅಂದರೆ ನಮ್ಮ ಗಲ್ಲಿಯ ಖಾಸಗಿ ಡಾಕ್ಟರರೇ ಇಎಸ್ಐ ಡಾಕ್ಟರ್. ಎಷ್ಟು ಕಾರ್ಮಿಕರ ಹೆಸರು ಅವರ ಪಟ್ಟಿಯಲ್ಲಿದೆಯೋ ತಲೆಗೆ ಇಷ್ಟು ಅಂತ ಅವರಿಗೆ ವರ್ಷಕ್ಕೆ ದುಡ್ಡು. ಇದೂ ಇಂಗ್ಲೆಂಡಿನ 1911ರ ಪದ್ಧತಿಯೇ. ದೊಡ್ಡ ಕಾಯಿಲೆಗೆ ಆಸ್ಪತ್ರೆಗಳು. ನಮ್ಮ ಕಡೆ ಮುಲುಂಡ್, ಠಾಣೆಯ ವಾಗ್ಳೆ ಇಸ್ಟೇಟ್, ಉಲ್ಹಾಸನಗರ ಮತ್ತು ವಾಶಿ. ದುಡ್ಡು ವಸೂಲು ಮಾಡುವುದು ಕೇಂದ್ರದ ನಿಗಮ, ಆಸ್ಪತ್ರೆ ನಡೆಸುವುದು ರಾಜ್ಯ, ಖರ್ಚಿನಲ್ಲಿ ನಿಗಮದ್ದು ಏಳು ಪಾಲಾದರೆ ರಾಜ್ಯದ್ದು ಒಂದು ಪಾಲು. ಇಬ್ಬರು ಯಜಮಾನರಿರುವ ಮನೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಗೋಡೆಯಲ್ಲಿ ಪಾಚಿ, ಔಷಧದ ಕಿಟಕಿಯಲ್ಲಿ 'ನಾಳೆ ಬನ್ನಿ'.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಕಾಯಿದೆಯಲ್ಲಿ ಕಾಯಿಲೆ ಅಂದರೆ ಏನು? ವೈದ್ಯರ ಚಿಕಿತ್ಸೆ ಬೇಕಾದ, ಅದರಿಂದ ಕೆಲಸಕ್ಕೆ ಹೋಗಲಾಗದ ಸ್ಥಿತಿ. ಅಷ್ಟೇ. ಹೇಗೆ ಬಂತು ಅಂತ ಕೇಳುವುದೇ ಇಲ್ಲ. 1923ರ ಕಾಯಿದೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಕೆಲಸದಲ್ಲಿ ಪೆಟ್ಟಾದರೂ ಹಾಗೆ. ನಿಯಮ ಮುರಿದು ಕೆಲಸ ಮಾಡುತ್ತಿದ್ದರೂ ಮಾಲೀಕನ ಕೆಲಸಕ್ಕಾಗಿಯೇ ಮಾಡುತ್ತಿದ್ದರೆ, ಅದು ಕೆಲಸದಲ್ಲಾದ ಪೆಟ್ಟೇ ಅನ್ನುತ್ತದೆ.

ಹಾಗಾದರೆ ಕೆಲಸಗಾರನಿಗೆ ಜವಾಬ್ದಾರಿಯೇ ಇಲ್ಲವೇ? ಇದೆ. 64ನೇ ಕಲಮು ಅದಕ್ಕೇ ಇದ್ದದ್ದು. ಭತ್ಯೆ ಪಡೆಯುತ್ತಿರುವವನು ಇಎಸ್ಐ ವೈದ್ಯರ ಚಿಕಿತ್ಸೆಯಲ್ಲೇ ಇರಬೇಕು, ಅವರು ಹೇಳಿದ ಹಾಗೆ ನಡೆಯಬೇಕು, ಗುಣವಾಗುವುದಕ್ಕೆ ಅಡ್ಡಿಯಾಗುವ ಕೆಲಸ ಮಾಡಬಾರದು, ಕರೆದಾಗ ತಪಾಸಣೆಗೆ ಬರಬೇಕು, ಮತ್ತು ಅನುಮತಿ ಇಲ್ಲದೆ ಆ ಪ್ರದೇಶ ಬಿಟ್ಟು ಹೋಗಬಾರದು. ಅಂದರೆ ಹಿಂದೆ ಏನು ಮಾಡಿದೆ ಅಂತ ಕಾಯಿದೆ ಕೇಳುವುದಿಲ್ಲ, ಇನ್ನು ಮುಂದೆ ಏನು ಮಾಡುತ್ತೀ ಅಂತ ಕೇಳುತ್ತದೆ. ಜವಾಬ್ದಾರಿಯನ್ನು ಕಾಯಿಲೆಯ ಹಿಂದಿನಿಂದ ತೆಗೆದು ಮುಂದಕ್ಕೆ ಇಟ್ಟರು. ಬರೆದವರು ಯಾರೋ, ತಲೆ ಇದ್ದವರು.

ಆ ಕೊನೆಯ ಮಾತು, ಪ್ರದೇಶ ಬಿಟ್ಟು ಹೋಗಬಾರದು ಅನ್ನುವುದು, ನಮ್ಮಂಥವರಿಗೆ ಮಾತ್ರ ಕಷ್ಟದ್ದು. ಕಾಯಿಲೆ ಬಿದ್ದರೆ ನಾವು ಮೊದಲು ನೆನೆಯುವುದೇ ಊರನ್ನು. ಖೋಲಿಯಲ್ಲಿ ಹತ್ತು ಜನ, ಪಾಳಿಯ ಮೇಲೆ ನಿದ್ದೆ, ಗಂಜಿ ಬೇಯಿಸಿ ಕೊಡುವವರು ಯಾರು? ಅಮ್ಮ ಇರುವುದು ಊರಿನಲ್ಲಿ. ಕಾಯಿದೆ ಬರೆದವರಿಗೆ ಕೆಲಸಗಾರನ ಮನೆ ಕಾರ್ಖಾನೆಯ ಹತ್ತಿರವೇ ಇರುತ್ತದೆ ಅನ್ನುವ ಭಾವನೆ ಇದ್ದಿರಬೇಕು.

ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. 1981ರಲ್ಲಿ ಊರಿನಲ್ಲಿ ಅಕ್ಕನ ಮಗಳ ಮದುವೆ, ಬೆನ್ನಿಗೆ ಮನೆಯ ದೈವದ ಕೋಲ. ರಜೆ ಮುಗಿದಿತ್ತು. ಒಬ್ಬ ಡಾಕ್ಟರರು ಇಪ್ಪತ್ತು ರೂಪಾಯಿಗೆ ಕಾಮಾಲೆ ಬರೆದು ಕೊಟ್ಟರು. ಹದಿನಾಲ್ಕು ದಿನ ಊರಿನಲ್ಲಿ ಗಡದ್ದಾಗಿ ಉಂಡು ಬಂದೆ. ಮೊದಲ ಎರಡು ದಿನಕ್ಕೆ ಭತ್ಯೆ ಇಲ್ಲ, ಆಮೇಲಿನದಕ್ಕೆ ಸುಮಾರು ಅರ್ಧ ಪಗಾರ ಸಿಕ್ಕಿತು. ಆ ಎರಡು ದಿನದ ಕಟ್ಟು ಏಕೆ ಇಟ್ಟಿದ್ದಾರೆ ಅಂತ ಈಗ ಅರ್ಥವಾಗುತ್ತದೆ, ನನ್ನಂಥ ಕಾಮಾಲೆಯವರಿಗಾಗಿಯೇ. ಅರ್ಧ ಪಗಾರವೂ ಅದಕ್ಕೇ. ಕಾಯಿಲೆ ಲಾಭದ ವ್ಯವಹಾರ ಆಗಬಾರದು. ಈಗ ಅದು 70 ಶೇಕಡಾ, ವರ್ಷಕ್ಕೆ 91 ದಿನ. ಆರು ತಿಂಗಳಲ್ಲಿ 78 ದಿನದ ಚಂದಾ ಬಿದ್ದಿರಬೇಕು.

ನಾನು ಕಾಮಾಲೆಯ ದುಡ್ಡು ತಿಂದೆ. ಅದಕ್ಕೂ ನಾಲ್ಕು ವರ್ಷ ಮೊದಲು ಸತ್ಯವಾಗಿ ಕಾಯಿಲೆ ಬಿದ್ದ ನನ್ನ ಗೆಳೆಯನಿಗೆ ಒಂದು ಕಾಸೂ ಸಿಗಲಿಲ್ಲ. ಅದು ಹೇಳದಿದ್ದರೆ ಈ ಲೇಖನ ಬರೆದು ಪ್ರಯೋಜನವಿಲ್ಲ. ಅವನೂ ನಾನೂ ಒಂದೇ ಬಸ್ಸಿನಲ್ಲಿ ಊರು ಬಿಟ್ಟವರು, ಒಂದೇ ಹೋಟೆಲಿನಲ್ಲಿ ಮಲಗುತ್ತಿದ್ದವರು, ಮೇಜುಗಳನ್ನು ಸೇರಿಸಿ. 1977ರ ಮಳೆಗಾಲದಲ್ಲಿ ಅವನಿಗೆ ಕೆಮ್ಮು ಬಂತು, ಆಮೇಲೆ ಕಫದಲ್ಲಿ ರಕ್ತ. ಕ್ಷಯ. ಔಷಧ ಸರ್ಕಾರದ್ದೇ, ದುಡ್ಡಿಲ್ಲದೆ ಸಿಗುತ್ತಿತ್ತು. ಆದರೆ ಆಗ ಔಷಧ ಒಂದು ವರ್ಷಕ್ಕೂ ಮೀರಿ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಊಟ? ಕ್ಷಯದವನನ್ನು ಯಾವ ಹೋಟೆಲಿನವನೂ ಇಟ್ಟುಕೊಳ್ಳಲಾರ, ಅದು ತಪ್ಪೂ ಅಲ್ಲ. ಯಜಮಾನರು ಟಿಕೇಟಿಗೆ ಮತ್ತು ಒಂದು ತಿಂಗಳಿಗೆ ಕೊಟ್ಟು ಕಳಿಸಿದರು. ಕಾಯಿದೆ ವಿದ್ಯುತ್ ಬಳಸುವ, ಇಪ್ಪತ್ತು ಜನರಿಗಿಂತ ಕಡಿಮೆ ಇಲ್ಲದ ಕಾರ್ಖಾನೆಗಳಿಗೆ ಮೊದಲು ಬಂದದ್ದು. ಹೋಟೆಲು, ಅಂಗಡಿಗಳಿಗೆ ವಿಸ್ತರಿಸುವ ಅಧಿಕಾರ ರಾಜ್ಯಗಳಿಗೆ ಇತ್ತು, ಆದರೆ ಅದಕ್ಕೂ ಆಳುಗಳ ಲೆಕ್ಕ ಬೇಕಿತ್ತು. ನಮ್ಮ ಹೋಟೆಲಿನಲ್ಲಿ ಹನ್ನೊಂದು ಜನ. ಅವನು ಊರಿಗೆ ಹೋದ, ಔಷಧ ಅರ್ಧಕ್ಕೆ ಬಿಟ್ಟ, ಮರುವರ್ಷ ತೀರಿಕೊಂಡ. ಅದೇ ವರ್ಷ ನಾನು ಕಾರ್ಖಾನೆ ಸೇರಿದೆ. ಅಲ್ಲಿ ನಮ್ಮ ವಿಭಾಗದ ಒಬ್ಬನಿಗೆ ಅದೇ ಕ್ಷಯ ಬಂತು. ಇಎಸ್ಐಯಲ್ಲಿ ಕ್ಷಯಕ್ಕೆ ಹೆಚ್ಚಿನ ಅವಧಿಯ ಭತ್ಯೆ ಇತ್ತು. ಅವನು ಮುಲುಂಡಿನಲ್ಲಿ ತೋರಿಸಿಕೊಂಡು, ಮನೆಯಲ್ಲಿ ಕೂತು ತಿಂದು, ಗುಣವಾಗಿ, ಮತ್ತೆ ಅದೇ ಮಷಿನ್ನಿಗೆ ಬಂದ. ರಿಟೈರ್ ಆಗುವವರೆಗೂ ಇದ್ದ.

ಇಬ್ಬರ ಜವಾಬ್ದಾರಿಯಲ್ಲಿ ಏನು ವ್ಯತ್ಯಾಸ? ಆಳುಗಳ ಸಂಖ್ಯೆಯಲ್ಲಿ ವ್ಯತ್ಯಾಸ.

ಹೀಗೆ ಹೊರಗೆ ಉಳಿದವರಿಗಾಗಿಯೇ ನಮ್ಮವರು ಸಂಘಗಳನ್ನು ಕಟ್ಟಿದ್ದು ಅಂತ ನನಗೆ ಅನ್ನಿಸುತ್ತದೆ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಷನ್ 1932ರದ್ದು. ಅಡಾರ್ಕರ್ ವರದಿಗಿಂತ ಎಷ್ಟೋ ಮೊದಲು. ಊರಿನವರು ಊರಿನವರಿಗೆ. ಅದರ ಬೆಲೆ ನನಗೆ ಗೊತ್ತು, ನಾನೇ ಒಂದರಲ್ಲಿ ಕೂತಿದ್ದೇನೆ. ಆದರೆ ಸಂಘದ ದುಡ್ಡಿನಲ್ಲಿ ಒಂದು ತೊಂದರೆ ಇದೆ. ಅದು ದಾನ. ದಾನ ಕೊಡುವವನಿಗೆ ಕೇಳುವ ಹಕ್ಕು ಬಂದುಬಿಡುತ್ತದೆ. ಕುಡೀತಾನಾ? ಯಾರ ಮಗ? ಹೆಂಡತಿ ಯಾಕೆ ತವರಿಗೆ ಹೋದಳು? ಅರ್ಜಿ ತಂದ ಹೆಣ್ಣುಮಗಳು ಬಾಗಿಲಲ್ಲಿ ಸೆರಗು ಹಿಡಿದು ನಿಂತಿರುತ್ತಾಳೆ, ಒಳಗೆ ನಾವು ಅವಳ ಮನೆಯ ಪಂಚಾಯಿತಿ ಮಾಡುತ್ತಿರುತ್ತೇವೆ.

ಮೂರನೆಯ ದಾರಿ ಪುರಸಭೆಯದು, ಅಂದರೆ ತೆರಿಗೆಯದು. ಇದರಲ್ಲಿ ಮುಂಬಯಿ ದೊಡ್ಡ ಹೆಸರು ಮಾಡಿದೆ. ಪರೇಲಿನ ಕೆಇಎಂ 1926ರಿಂದ ಇದೆ. ಸಯನ್, ನಾಯರ್ ಇವೆ. ಹೆಸರು ಬರೆಸಿದರೆ ಸಾಕು. ನಮ್ಮ ಕಡೆ? ಠಾಣೆ ಮಹಾನಗರಪಾಲಿಕೆ ಆದದ್ದು 1982ರಲ್ಲಿ, ಕಲ್ಯಾಣ-ಡೊಂಬಿವಲಿ 1983ರಲ್ಲಿ, ನವಿ ಮುಂಬಯಿ 1992ರಲ್ಲಿ. ಜನ ಬಂದು ತುಂಬಿದ ಮೇಲೆ ಪಾಲಿಕೆ, ಪಾಲಿಕೆ ಬಂದ ಎಷ್ಟೋ ಕಾಲಕ್ಕೆ ಆಸ್ಪತ್ರೆ. 2011ರ ಜನಗಣತಿಯಲ್ಲಿ ಕಲ್ಯಾಣ-ಡೊಂಬಿವಲಿಯ ಜನಸಂಖ್ಯೆ 12 ಲಕ್ಷ ದಾಟಿತ್ತು. ಇಷ್ಟು ಜನಕ್ಕೆ ಪಾಲಿಕೆಯ ಮುಖ್ಯ ಆಸ್ಪತ್ರೆ ಅಂದರೆ ಕಲ್ಯಾಣದ ರುಕ್ಮಿಣಿಬಾಯಿ ಮತ್ತು ಡೊಂಬಿವಲಿಯ ಶಾಸ್ತ್ರಿನಗರ. ಸ್ವಲ್ಪ ಗಂಭೀರವಾದರೆ "ಕಳವಾಕ್ಕೆ ಒಯ್ಯಿರಿ", ಇನ್ನೂ ಗಂಭೀರವಾದರೆ "ಸಯನ್ನಿಗೆ ಒಯ್ಯಿರಿ". ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಲ್ಲಿ 2023ರ ಆಗಸ್ಟಿನಲ್ಲಿ ಒಂದೇ ದಿನದೊಳಗೆ 18 ರೋಗಿಗಳು ಸತ್ತದ್ದು ನಿಮಗೆ ನೆನಪಿರಬಹುದು. ಠಾಣೆಯ ಸಿವಿಲ್ ಆಸ್ಪತ್ರೆಯನ್ನು ಹೊಸದಾಗಿ ಕಟ್ಟಲು ತೆಗೆದಿದ್ದರು, ಅಲ್ಲಿನ ಭಾರವೂ ಕಳವಾಕ್ಕೆ ಬಿದ್ದಿತ್ತು. ಮೊದಲು ಬಂದ ವಿವರಣೆಗಳಲ್ಲಿ ಒಂದು, ರೋಗಿಗಳು ತೀರಾ ತಡವಾಗಿ ಬಂದಿದ್ದರು ಅನ್ನುವುದು. ತಡವಾಗಿ ಬಂದವನದೇ ತಪ್ಪು! ಮೊದಲು ಖಾಸಗಿಯಲ್ಲಿ ದುಡ್ಡು ಮುಗಿಯುವವರೆಗೆ ಇದ್ದು, ಆಮೇಲೆ ಬರುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ.

ತಪ್ಪು ಯಾರದು ಅಂತ ಹುಡುಕುವುದಕ್ಕೆ ನಮ್ಮ ಡೊಂಬಿವಲಿಯಷ್ಟು ಕಷ್ಟದ ಊರು ಇನ್ನೊಂದಿಲ್ಲ. ಇಲ್ಲಿ ಎಂಐಡಿಸಿಯ ರಸಾಯನ ಕಾರ್ಖಾನೆಗಳ ಪಕ್ಕದಲ್ಲೇ ಮನೆಗಳಿವೆ. 2020ರ ಫೆಬ್ರವರಿಯಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತ್ತು. 2016ರ ಮೇಯಲ್ಲಿ ಒಂದು ಸ್ಫೋಟ, 2024ರ ಮೇಯಲ್ಲಿ ಇನ್ನೊಂದು, ಎರಡರಲ್ಲೂ ಹತ್ತಕ್ಕೂ ಹೆಚ್ಚು ಜನ ಸತ್ತರು. ಇಲ್ಲಿ ಮೂವತ್ತು ವರ್ಷ ಉಸಿರಾಡಿದವನಿಗೆ ಕೆಮ್ಮು ಬಂದರೆ ಅದರಲ್ಲಿ ಬೀಡಿಯ ಪಾಲೆಷ್ಟು, ಗಾಳಿಯ ಪಾಲೆಷ್ಟು, ಯಾವ ಡಾಕ್ಟರ್ ಬರೆದುಕೊಡುತ್ತಾನೆ? ಲೋಕಲಿನ ಬಾಗಿಲಲ್ಲಿ ನೇತಾಡಿ ಬಿದ್ದವನ ಕಥೆಯೂ ಅದೇ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಎದುರುಬದುರಾದ ಎರಡು ಗಾಡಿಗಳಿಂದ ಜನ ಬಿದ್ದು ಸತ್ತರಲ್ಲ, ಅವರು ಒಳಗೆ ನಿಲ್ಲಬೇಕಿತ್ತು ಅನ್ನುವವರು 8.20ರ ಫಾಸ್ಟ್ ಗಾಡಿಯನ್ನು ಹತ್ತಿ ನೋಡಲಿ. ರೈಲ್ವೆ ಕಾಯಿದೆಗೆ 1994ರಲ್ಲಿ ಸೇರಿಸಿದ ಕಲಮಿನ ಪ್ರಕಾರ ಗಾಡಿಯಿಂದ ಬಿದ್ದವನಿಗೆ ರೈಲ್ವೆಯ ತಪ್ಪು ಇರಲಿ ಬಿಡಲಿ ಪರಿಹಾರ ಕೊಡಬೇಕು. ಆತ್ಮಹತ್ಯೆ, ಕುಡಿತ, ತನ್ನದೇ ಅಪರಾಧ ಇಂಥವಕ್ಕೆ ಮಾತ್ರ ಇಲ್ಲ. ಕುಡಿತ ಅಲ್ಲಿಯೂ ಹೊರಗೇ ಉಳಿಯಿತು, ಖಜಾಂಚಿಯವರಿಗೆ ಇದನ್ನು ಹೇಳಲಿಲ್ಲ.

ಆಮೇಲೆ ಕಾರ್ಖಾನೆಗಳು ಮುಚ್ಚತೊಡಗಿದವು. ಅಂಬಿವಲಿ ಹತ್ತಿರ ಮೋಹನೆಯ ನ್ಯಾಷನಲ್ ರೇಯಾನ್, ಒಂದು ಊರನ್ನೇ ಸಾಕಿದ ಕಾರ್ಖಾನೆ, 2009ರಲ್ಲಿ ಬಾಗಿಲು ಹಾಕಿತು. ವಾಗ್ಳೆ ಇಸ್ಟೇಟಿನಲ್ಲಿ ಈಗ ಗಾಜಿನ ಆಫೀಸುಗಳು. ಚಂದಾದ ಪದ್ಧತಿಯ ದೊಡ್ಡ ದೌರ್ಬಲ್ಯ ಆಗ ಕಂಡಿತು. ಪಗಾರ ನಿಂತರೆ ಚಂದಾ ನಿಂತಿತು, ಚಂದಾ ನಿಂತರೆ ಕೆಲವು ತಿಂಗಳಲ್ಲಿ ಹಕ್ಕು ನಿಂತಿತು. ಕೆಲಸ ಹೋದವನಿಗೆ ಕಾಯಿಲೆ ಹೆಚ್ಚೋ ಕಡಿಮೆಯೋ ನೀವೇ ಹೇಳಿ. ಐದು ವರ್ಷ ಚಂದಾ ಕಟ್ಟಿ ನಿವೃತ್ತರಾದವರಿಗೆ ಮಾತ್ರ ಒಂದು ಒಳ್ಳೆಯ ಸೌಲಭ್ಯ ಇದೆ. ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ. ಇದು ಗೊತ್ತಿಲ್ಲದವರು ನಮ್ಮಲ್ಲಿ ಬಹಳ.

ಹೊಸ ಯೋಜನೆಗಳ ಕಾಲ ಬಂದಾಗ ವಲಸೆಗಾರನ ಪಾಡು ಇನ್ನೂ ತಮಾಷೆ. ಕರ್ನಾಟಕದಲ್ಲಿ 2003ರಲ್ಲಿ ಯಶಸ್ವಿನಿ ಶುರುವಾಯಿತು. ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ ಐದು ರೂಪಾಯಿ ಕಟ್ಟಿದರೆ ದೊಡ್ಡ ಶಸ್ತ್ರಚಿಕಿತ್ಸೆ. ಡಾ. ದೇವಿ ಶೆಟ್ಟಿಯವರ ಕಲ್ಪನೆ, ನಮ್ಮ ಕರಾವಳಿಯವರೇ. ಊರಿನಲ್ಲಿರುವ ಅಣ್ಣನಿಗೆ ಅದು ಸಿಕ್ಕಿತು, ಇಲ್ಲಿರುವ ತಮ್ಮನಿಗೆ ಇಲ್ಲ. ಮಹಾರಾಷ್ಟ್ರದಲ್ಲಿ 2012ರ ಜುಲೈ 2ರಂದು ರಾಜೀವ ಗಾಂಧಿ ಜೀವನದಾಯಿ ಯೋಜನೆ ಬಂತು, ಎಂಟು ಜಿಲ್ಲೆಗಳಲ್ಲಿ. ಮುಂಬಯಿ ಇತ್ತು, ರಾಯಗಡ ಇತ್ತು, ನಡುವಿನ ಠಾಣೆ ಇರಲಿಲ್ಲ! ಮುಲುಂಡ್ ಚೆಕ್ ನಾಕಾದ ಆ ಬದಿ ಮನೆ ಇದ್ದರೆ ಒಂದೂವರೆ ಲಕ್ಷದ ಚಿಕಿತ್ಸೆ, ಈ ಬದಿ ಇದ್ದರೆ ದೇವರ ದಯೆ. ಠಾಣೆಗೆ ಬಂದದ್ದು 2013ರ ನವೆಂಬರಿನಲ್ಲಿ. ಬಂದ ಮೇಲೂ ಹಳದಿ ಅಥವಾ ಕೇಸರಿ ರೇಷನ್ ಕಾರ್ಡು ಬೇಕು. ನಮ್ಮ ಹೋಟೆಲ್ ಹುಡುಗರ ಹೆಸರು ಇದ್ದದ್ದು ಊರಿನ ಕಾರ್ಡಿನಲ್ಲಿ. 2017ರಲ್ಲಿ ಅದರ ಹೆಸರು ಮಹಾತ್ಮಾ ಜ್ಯೋತಿಬಾ ಫುಲೆ ಯೋಜನೆ ಆಯಿತು. ಕಾರ್ಡಿನ ಬಣ್ಣ ನೋಡದೆ ರಾಜ್ಯದ ಎಲ್ಲರಿಗೂ ಕೊಡುವ ನಿರ್ಧಾರ ಆದದ್ದು 2023ರಲ್ಲಿ. ಕೇಂದ್ರದ ಆಯುಷ್ಮಾನ್ 2018ರಲ್ಲಿ ಬಂತು, ಅದನ್ನು ಯಾವ ರಾಜ್ಯಕ್ಕಾದರೂ ಒಯ್ಯಬಹುದು. 2024ರ ಅಕ್ಟೋಬರಿನಿಂದ 70 ದಾಟಿದ ಎಲ್ಲರಿಗೂ ಅದು ಇದೆ, ನನಗೂ ಕಾರ್ಡು ಬಂದಿದೆ. ಭೋರ್ ಸಮಿತಿ ಹೇಳಿದ ದಾರಿಗೆ ಸುತ್ತಿ ಬಳಸಿ ಬರುತ್ತಿದ್ದೇವೆ ಅನ್ನಿಸುತ್ತದೆ. ಆದರೆ ಆಸ್ಪತ್ರೆ ಕಟ್ಟುವ ಬದಲು ಬಿಲ್ಲು ಕಟ್ಟುತ್ತಿದ್ದೇವೆ. ಸರ್ಕಾರದ ಲೆಕ್ಕದಲ್ಲೇ ದೇಶದ ಆರೋಗ್ಯ ಖರ್ಚಿನಲ್ಲಿ ಜನ ತಮ್ಮ ಕೈಯಿಂದ ಕೊಡುವುದು 2013-14ರಲ್ಲಿ 64.2 ಶೇಕಡಾ ಇದ್ದದ್ದು 2021-22ಕ್ಕೆ 39.4ಕ್ಕೆ ಇಳಿದಿದೆ. ಇಳಿದದ್ದು ನಿಜವೇ ಇರಬಹುದು. 39 ಶೇಕಡಾ ಎಂದರೂ ಒಂದು ಮನೆಯ ಬಂಗಾರ ಗಿರವಿಗೆ ಹೋಗುವಷ್ಟು.

ಇಷ್ಟೆಲ್ಲ ಓದಿ ಮುಂದಿನ ಸಭೆಗೆ ಹೋಗುವ ಮೊದಲು ನನಗೆ ಒಂದು ಸಣ್ಣ ಅನುಮಾನ ಬಂತು. ಆ ಹೆಣ್ಣುಮಗಳಿಗೆ ಫೋನ್ ಮಾಡಿ, "ತಂಗೀ, ಗಂಡನ ಪಗಾರದ ಚೀಟಿ ಇದ್ದರೆ ಫೋಟೋ ಕಳಿಸು" ಅಂದೆ. ಕಳಿಸಿದಳು. ಪಗಾರ 21,000ದ ಒಳಗೆ. ಅದೇ ಇಎಸ್ಐಯ ಮಿತಿ, 2017ರಿಂದ. ಕೆಳಗೆ ಸಣ್ಣ ಅಕ್ಷರದಲ್ಲಿ 0.75 ಶೇಕಡಾ ಕಟ್. ಮಾಲೀಕನದು 3.25. ನಾಲ್ಕು ವರ್ಷದಿಂದ ಚಂದಾ ಹೋಗುತ್ತಿದೆ, ನಂಬರೂ ಇದೆ. ಗಂಡನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ. ಅವರು ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ತಾಳಿ ಅಡವಿಟ್ಟು ಕೂತಿದ್ದರು.

ಇಎಸ್ಐಯಲ್ಲಿ ದೀರ್ಘಕಾಲದ 34 ಕಾಯಿಲೆಗಳ ಒಂದು ಪಟ್ಟಿ ಇದೆ. ಎರಡು ವರ್ಷ ಕೆಲಸದಲ್ಲಿದ್ದು ಚಂದಾ ಸರಿಯಾಗಿ ಬಿದ್ದಿದ್ದರೆ, ಪಗಾರದ 80 ಶೇಕಡಾ ಭತ್ಯೆ, ಎರಡು ವರ್ಷದವರೆಗೆ. ಕ್ಷಯ ಇದೆ, ಕುಷ್ಠ ಇದೆ, ಏಡ್ಸ್ ಇದೆ, ಕ್ಯಾನ್ಸರ್ ಇದೆ. ಹೊಟ್ಟೆಯಲ್ಲಿ ನೀರು ತುಂಬುವ ಲಿವರ್ ಸಿರೋಸಿಸ್ ಕೂಡ ಇದೆ. ಹೇಗೆ ಬಂತು ಅನ್ನುವ ಕಾಲಂ ಇಲ್ಲ.

ಸಭೆಯಲ್ಲಿ ಚೀಟಿ ತೋರಿಸಿದೆ. ಖಜಾಂಚಿಯವರು ಕನ್ನಡಕ ಹಾಕಿ ಎರಡು ಸಲ ಓದಿದರು. "ಇದು ನಮ್ಮ ಹುಡುಗರಿಗೂ ಕಟ್ ಆಗುತ್ತದಲ್ಲ, ಸಿಎ ಏನೋ ಮಾಡುತ್ತಾನೆ, ನಾನು ಕೇಳಿಯೇ ಇಲ್ಲ" ಅಂದರು. ಸಂಘದಿಂದ ಓಡಾಟದ ಖರ್ಚಿಗೆ ಐದು ಸಾವಿರ ಅಂತ ಬರೆದೆವು. ಸೋಮವಾರ ಬೆಳಿಗ್ಗೆ ನಾನೂ ಅವಳೂ ಆಧಾರ್, ಚೀಟಿ, ರಿಪೋರ್ಟುಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಉಲ್ಹಾಸನಗರಕ್ಕೆ ಹೋದೆವು. ಕಿಟಕಿಯ ಮುಂದೆ ನಮಗಿಂತ ಮೊದಲು ನಲವತ್ತು ಜನ ನಿಂತಿದ್ದರು.